ಮುರಗೆಪ್ಪ ಕೈ ಎತ್ತಿದ

ಸೋನ್ಯಾಳದ ಮುರಗೆಪ್ಪನ ಬಾಳು ಕೆಟ್ಟದ್ದು ಸಾಂಗ್ಲಿಯ ಒಂದು ದೊಡ್ಡ ಹೋಟೆಲಿನಲ್ಲಿ, ಹಾಡುಹಗಲು, ಹತ್ತಾರು ಜನರ ಕಣ್ಣೆದುರಿಗೆ. ಅವನು ಕುಡಿದಿರಲಿಲ್ಲ, ಜಗಳವಾಡಿರಲಿಲ್ಲ, ಯಾರ ತಂಟೆಗೂ ಹೋಗಿರಲಿಲ್ಲ. ಕೈ ಎತ್ತಿದ, ಅಷ್ಟೇ. ಒಂದು ಕೈ ಎತ್ತಿದರೆ ಇಷ್ಟೆಲ್ಲ ಆಗುತ್ತದೆಂದು ಮೊದಲೇ ಗೊತ್ತಿದ್ದರೆ ಪಾಪ, ಆ ಕೈಯನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದನೇನೋ.

ಮುರಗೆಪ್ಪ ಶಿವಶರಣ ಸಾವಕಾರರ ಬೇದಾಣಾ ಷೆಡ್ಡಿನ ಮುಕಾದಮ. ಮಹಾರಾಷ್ಟ್ರದ ಆ ಕನ್ನಡ ಸೀಮೆಯಲ್ಲಿ ಒಣದ್ರಾಕ್ಷಿಗೆ ಬೇದಾಣಾ ಎನ್ನುತ್ತಾರೆ. ಅದರೊಳಗಿನ ಕಡ್ಡಿ, ಕಸ, ಕೆಟ್ಟ ಕಾಳು ಆರಿಸಲು ಊರಿನ ಹೆಂಗಸರು ಷೆಡ್ಡಿಗೆ ಬರುತ್ತಿದ್ದರು. ಅವರ ಮೇಲೆಲ್ಲ ಮುರಗೆಪ್ಪನ ಅಧಿಕಾರ. ಅಧಿಕಾರದ ಗುರುತೆಂದು ಷೆಡ್ಡಿನ ಕೀಲಿ ಅವನ ಉಡದಾರಕ್ಕೆ ಜೋತುಬಿದ್ದಿರುತ್ತಿತ್ತು. ಜಳಕಕ್ಕೂ ಅದನ್ನು ಬಿಚ್ಚಿಡುತ್ತಿರಲಿಲ್ಲ. ಮಗ್ಗುಲು ಬದಲಿಸಿದಾಗ ಕೀಲಿ ಚುಚ್ಚಿದರೆ ಅವನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಆ ಕೀಲಿಯೊಂದು ಇಲ್ಲದಿದ್ದರೆ ತಾನು ಊರ ಕಟ್ಟೆಯ ಮೇಲೆ ಬೀಡಿ ಸೇದುವ ಹತ್ತು ಮುದುಕರ ಜೊತೆಗೆ ಹನ್ನೊಂದನೆಯವನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಈ ಅಧಿಕಾರದಲ್ಲಿ ಒಂದು ತೊಡಕಿತ್ತು. ಕೆಲಸಕ್ಕೆ ಬರುವವರೆಲ್ಲ ಸೋನ್ಯಾಳಕ್ಕೆ ಸೊಸೆಯರಾಗಿ ಬಂದವರು. ಊರ ವರಸೆಯಲ್ಲಿ ಮುರಗೆಪ್ಪ ಎಲ್ಲರಿಗೂ ಮಾವ. ಸೊಸೆಯಾದವಳು ಮಾವನ ಮುಖ ನೋಡಿ ಮಾತಾಡುವುದುಂಟೆ? ಸೆರಗು ಎಳೆದುಕೊಂಡು, ಮುಖ ತಿರುಗಿಸಿ, ಎದುರಿಗೆ ಕಂಬವಿದ್ದರೆ ಕಂಬಕ್ಕೆ, ಎಮ್ಮೆಯಿದ್ದರೆ ಎಮ್ಮೆಗೆ ಹೇಳುವುದು ರೂಢಿ. ಷೆಡ್ಡಿನ ನಡುವೆ ಆಳೆತ್ತರದ ಹಳೆಯ ತೂಕದ ಯಂತ್ರವೊಂದು ನಿಂತಿತ್ತು. ಎಲ್ಲರ ಬಾಯಲ್ಲೂ ಅದು ಕಾಟಾ. ಹೆಂಗಸರು ಅದಕ್ಕೇ ಹೇಳುತ್ತಿದ್ದರು.

“ಏ ಕಾಟಾ, ಕ್ರೇಟ್ ತೀರ್ಯಾವು ಅಂತ ಹೇಳು.”

“ಕಾಟಾ, ಹಿತ್ತಲ ಕಡಿ ಅದಾವ, ತಗೋರಿ ಅನ್ನು,” ಎಂದು ಮುರಗೆಪ್ಪನೂ ಕಾಟಾಕ್ಕೇ ಉತ್ತರ ಕೊಡುತ್ತಿದ್ದ.

ಕಾಟಾ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕೆಲಸ ಮಾತ್ರ ಸುಸೂತ್ರವಾಗಿ ಸಾಗಿತ್ತು. ಹೆಂಗಸರ ಮಾತು ಎಲ್ಲಾದರೂ ಮಾವನ ಕಿವಿಗೆ ಬೀಳಬಾರದ ಕಡೆಗೆ ಹೊರಳಿತೆಂದರೆ ಮುರಗೆಪ್ಪ ಒಮ್ಮೆ ಕೆಮ್ಮಿ, ಹೊರಗೆ ಹೋಗಿ ಬೇವಿನ ಗಿಡದ ನೆರಳಿಗೆ ನಿಂತುಬಿಡುತ್ತಿದ್ದ. ಇಂಥ ಮರ್ಯಾದಸ್ಥ ಮುಕಾದಮ ಇಡೀ ಜತ್ತ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂಬ ಮಾತಿತ್ತು. ಆ ಮಾತನ್ನು ಹೆಚ್ಚಾಗಿ ಅವನೇ ಹೇಳುತ್ತಿದ್ದ.

ಹೀಗಿರಲು, ಸಾವಕಾರರ ಬೇದಾಣಾ ಕೊಂಡು ಹೊರದೇಶಕ್ಕೆ ಕಳಿಸುವ ಪುಣೆಯ ಕಂಪನಿಯವರು ಸಾಂಗ್ಲಿಯಲ್ಲಿ ಒಂದು ಶಿಬಿರವಿಟ್ಟರು. ಕೆಲಸದ ಜಾಗದಲ್ಲಿ ಗಂಡು ಹೆಣ್ಣು ಸರಿಸಮಾನರಾಗಿ ಮಾತಾಡುವುದು ಹೇಗೆ, ಎಲ್ಲರನ್ನೂ ಜೊತೆಗೆ ಕರೆದೊಯ್ಯುವ ನಾಯಕನಾಗುವುದು ಹೇಗೆ ಎಂದು ಕಲಿಸುವ ಶಿಬಿರ. ಹೋಗಬೇಕಾದವರು ಸಾವಕಾರರು. ಅವತ್ತೇ ಅವರ ಭಾವಮೈದುನನ ಲಗ್ನ ಬಂತು.

“ಮುರಗೆಪ್ಪಾ, ನೀ ಹೋಗಿ ಕುಂತು ಬಾ. ಬಾಯಿ ತಗೀಬ್ಯಾಡ. ಊಟ ಚಲೋ ಇರತೈತಂತ,” ಎಂದರು ಸಾವಕಾರರು.

ಮುರಗೆಪ್ಪ ಹೋದ, ಕುಂತ, ಬಾಯಿ ತೆಗೆಯಲಿಲ್ಲ. ಇಲ್ಲಿಯತನಕ ಅವನ ಕಡೆಯಿಂದ ಎಳ್ಳಷ್ಟೂ ತಪ್ಪಿಲ್ಲ. ಆದರೆ ಮನುಷ್ಯನಿಗೆ ಸಕ್ಕರೆ ಕಾಯಿಲೆ. ಬಸ್ಸಿಳಿದು ಕುಡಿದ ಚಹಾ, ಮೇಜಿನ ಮೇಲೆ ಪುಕ್ಕಟೆ ಸಿಕ್ಕ ಬಾಟಲಿ ನೀರು, ಮೇಲೆ ಆ ಏಸಿಯ ತಂಪು ಹವೆ, ಮೂರೂ ಕೂಡಿ ಸ್ವಲ್ಪ ಹೊತ್ತಿಗೆಲ್ಲ ಅವನಿಗೆ ಹೊರಗೆ ಹೋಗಲೇಬೇಕಾಯಿತು. ಎಲ್ಲಿ ಹೋಗಬೇಕೆಂದು ಗೊತ್ತಿಲ್ಲ. ಎಲ್ಲ ಬಾಗಿಲುಗಳೂ ಒಂದೇ ಥರ. ಶಿಬಿರ ನಡೆಸುತ್ತಿದ್ದ ಕಂಪನಿಯ ವಿದ್ಯಾವತಿ ಮೇಡಂ ವೇದಿಕೆಯ ಮೇಲೆ ಏನು ಹೇಳುತ್ತಿದ್ದರೋ ಅವನಿಗೆ ಒಂದಕ್ಷರ ಕೇಳಿಸಲಿಲ್ಲ. ಕಾಲಿನ ಮೇಲೆ ಕಾಲು ಹಾಕಿದ, ತೆಗೆದ, ಮತ್ತೆ ಹಾಕಿದ. ಕೊನೆಗೆ ತಡೆಯಲಾರದೆ, ಸಾಲಿಯ ಹುಡುಗ ಮಾಸ್ತರನ್ನು ಕೇಳುವ ಹಾಗೆ ಕೈ ಎತ್ತಿದ.

ಅದೇ ಗಳಿಗೆಯಲ್ಲಿ ಮೇಡಂ ಕೇಳಿದ್ದು ಇದು: “ನಿಮ್ಮೊಳಗ ಯಾರು ದಿನಾಲು ತಮ್ಮ ಕೆಲಸದ ಹೆಣ್ಣುಮಕ್ಕಳ ಜೋಡಿ ಮನಸ ಬಿಚ್ಚಿ ಮಾತಾಡ್ತೀರಿ?”

ಇಡೀ ಹಾಲಿನಲ್ಲಿ ಎದ್ದ ಕೈ ಒಂದೇ. ಎಲ್ಲರೂ ತಿರುಗಿ ನೋಡಿದರು. ಚಪ್ಪಾಳೆ ಬಿತ್ತು. ಮೇಡಂ ಖುದ್ದು ಇಳಿದು ಬಂದು ಅವನ ಅಂಗಿಗೆ ‘ಸರ್ವಸಮಾವೇಶಕ ನೇತೃತ್ವ’, ಅಂದರೆ ಎಲ್ಲರನ್ನೂ ಜೊತೆಗೆ ಕರೆದೊಯ್ಯುವ ನಾಯಕತ್ವ, ಎಂದು ಬರೆದ ಬಿಲ್ಲೆ ಚುಚ್ಚಿದರು. ಫೋಟೋ ತೆಗೆದರು. ಮುಂದಿನ ಸೋಮವಾರ ನಿಮ್ಮ ಷೆಡ್ಡಿಗೇ ಬಂದು ನೋಡುತ್ತೇವೆ ಎಂದರು. ಎಲ್ಲದಕ್ಕೂ ಮುರಗೆಪ್ಪ ಹೂಂ ಎಂದ. ಇಲ್ಲ ಎನ್ನಲು ನಿಂತರೆ ಇನ್ನೂ ಹೊತ್ತಾಗುತ್ತಿತ್ತು. ಅಂತೂ ಹೋಟೆಲಿನ ವಾಚ್‌ಮನ್ನನ ಕಾಲು ಹಿಡಿದು ಆ ಜಾಗ ಕಂಡುಹಿಡಿದು ಒಳಹೊಕ್ಕಾಗ ಅವನ ಕಣ್ಣಲ್ಲಿ ನೀರು ಬಂತು. ಬಿಳಿ ಕಲ್ಲು, ಕನ್ನಡಿ, ಸಾಬೂನಿನ ಘಮ. ತನ್ನ ಮನೆಯ ಅಡುಗೆಮನೆಗಿಂತ ಸ್ವಚ್ಛ. ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೈ ಮುಗಿದ ಹಾಗೆ ನಿಂತಿದ್ದ.

ಮುರಗೆಪ್ಪ ಊರು ಮುಟ್ಟುವ ಮೊದಲೇ ಅವನ ಫೋಟೋ ಮುಟ್ಟಿತ್ತು. ಕೆಳಗೆ ಮರಾಠಿಯಲ್ಲಿ ದಪ್ಪಕ್ಷರ: ‘ಮಹಿಳೆಯರೊಂದಿಗೆ ಪ್ರತಿದಿನ ಮನಸ್ಸು ಬಿಚ್ಚಿ ಮಾತಾಡುವ ಮುರಗೆಪ್ಪ.’ ಅದು ಒಂದು ಫೋನಿನಿಂದ ಇನ್ನೊಂದಕ್ಕೆ ಹಾರಿ, ಕುರಿ ಮೇಯಿಸಲು ಸಂಖದ ಕಡೆ ಹೋಗಿದ್ದ ಬೀರುವಿನ ತನಕ ಹೋಗಿತ್ತು. ಬೀರು ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಓಡಿ ಬಂದ. ಅವನ ಹೆಂಡತಿ ಹಾಲವ್ವ ಅದೇ ಷೆಡ್ಡಿನಲ್ಲಿ ಕೆಲಸಕ್ಕಿದ್ದಳು.

ಬಸ್ಸಿಳಿದ ಮುರಗೆಪ್ಪ ಎದೆಯ ಮೇಲಿನ ಬಿಲ್ಲೆ ಎಲ್ಲರಿಗೂ ಕಾಣಲೆಂದು ಟಾವೆಲ್ಲು ಸರಿಸಿಕೊಂಡು ನಡೆದ. ಚಹಾದಂಗಡಿಯ ಮುಂದೆ ಯಾರೂ ನಮಸ್ಕಾರ ಎನ್ನಲಿಲ್ಲ. ಊರ ಹಿರಿಯ ಸೋಮನಿಂಗಪ್ಪ ಕೋಲು ಅಡ್ಡ ಇಟ್ಟ.

“ಬಾರಪಾ ಮುರಗೆಪ್ಪಾ. ಏನೇನ ಬಿಚ್ಚತಿ ದಿನಾ?”

“ಅದು ಮನಸರಿ ಯಜಮಾನ್ರ...”

“ಕಾಕಾ, ನನ್ನ ಹೆಂಡತಿ ಕೂಡ ಏನ್ ಮಾತಾಡ್ತಿ ನೀ?” ಎಂದು ಬೀರು ಮುಂದೆ ಬಂದ. “ನನ್ನ ಕೂಡನ ಆಕಿ ಮನಸ ಬಿಚ್ಚಿಲ್ಲ. ನಿನ್ನ ಕೂಡ ಬಿಚ್ಚತಾಳೇನು?”

“ಲೇ ಬೀರ್‍ಯಾ, ಆಕಿ ಕಾಟಾದ ಕೂಡ ಮಾತಾಡ್ತಾಳೋ! ನನ್ನ ಕೂಡ ಯಾರೂ ಮಾತಾಡಿಲ್ಲ! ನಾ ಯಾರ ಮಾರಿನೂ ನೋಡಿಲ್ಲ!”

“ಹಂಗಾರ ಇದು ಸುಳ್ಳೇನು?” ಸೋಮನಿಂಗಪ್ಪ ಕೋಲಿನ ತುದಿಯಿಂದ ಬಿಲ್ಲೆ ಮುಟ್ಟಿದ. “ಕಂಪನಿಯವರು ಸುಳ್ಳಿಗೆ ಬಿಲ್ಲೆ ಕೊಡ್ತಾರೇನು?”

ಮುರಗೆಪ್ಪ ಗುಡಿಯ ಕಟ್ಟೆ ಮುಟ್ಟಿ ಆಣೆ ಮಾಡಿದ. ಊರಿನ ಒಬ್ಬ ಸೊಸೆಯ ಜೊತೆಗೂ ತಾನು ಇವತ್ತಿನವರೆಗೆ ಒಂದು ಮಾತು ಆಡಿಲ್ಲ, ಇನ್ನು ಮುಂದೆಯೂ ಆಡುವುದಿಲ್ಲ ಎಂದ. ಹಿರಿಯರು ತಲೆಯಾಡಿಸಿದರು. ಸೋಮವಾರ ನಾವೂ ಷೆಡ್ಡಿಗೆ ಬಂದು ನೋಡುತ್ತೇವೆ ಎಂದರು. ಮೇಡಂ ಬರುವುದೂ ಸೋಮವಾರವೇ ಎಂಬುದು ಮುರಗೆಪ್ಪನಿಗೆ ಮನೆಯ ಹೊಸ್ತಿಲಲ್ಲಿ ನೆನಪಾಯಿತು.

ಹೊಸ್ತಿಲಲ್ಲಿ ಹೆಂಡತಿ ಅಕ್ಕವ್ವ ನಿಂತಿದ್ದಳು. ಅವಳಿಗೂ ಫೋಟೋ ತೋರಿಸಿದ ಪುಣ್ಯಾತ್ಮರಿದ್ದರು.

“ನನ್ನ ಕೂಡ ಒಮ್ಮೆರೆ ಮನಸ ಬಿಚ್ಚಿ ಮಾತಾಡೀರೇನ್ರಿ ನೀವು? ಲಗ್ನಾಗಿ ಬಂದಾಗಿಂದ ‘ಚಹಾ ತಾ’, ‘ಲಗೂನ ತಾ’, ಈ ಎರಡ ಮಾತ ಬಿಟ್ರ ಮೂರನೇದು ಕೇಳಿಲ್ಲ ನಾ. ಊರ ಮಂದಿ ಸೊಸ್ತ್ಯಾರ ಮುಂದ ಬಾಯಿ ಬರತೈತೇನು?”

“ಅಲ್ಲಲೇ, ನನಗ ಅವಸರ ಆಗಿತ್ತು, ಅದಕ್ಕ ಕೈ ಎತ್ತಿದೆ...”

“ಏನ್ ಅವಸರ? ಯಾರ್ ಮ್ಯಾಲೆ ಕೈ ಎತ್ತಿದ್ರಿ?” ಎಂದು ಅಕ್ಕವ್ವ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಅವತ್ತು ಮುರಗೆಪ್ಪನಿಗೆ ಮನೆಯಲ್ಲಿ ರೊಟ್ಟಿ ಸಿಗಲಿಲ್ಲ.

ಮರುದಿನ ಸಾವಕಾರರು ಕರೆಸಿದರು. ಮೊದಲು ಬೆನ್ನು ತಟ್ಟಿದರು. ಆಮೇಲೆ ತಟ್ಟಿದ ಕೈಯನ್ನು ಬೆನ್ನ ಮೇಲೇ ಇಟ್ಟುಕೊಂಡು ಹೇಳಿದರು: “ನೋಡು ಮುರಗೆಪ್ಪಾ, ನೀ ಹೇಳಿದ್ದು ಖರೇ ಅಂತ ಸೋಮಾರ ಮೇಡಂಗ ಕಾಣಬೇಕು. ಕಂಪನಿ ಮುನಿಸಿಕೊಂಡ್ರ ಮಾಲ ಇಲ್ಲೇ ಕೊಳೀತೈತಿ. ಹಂಗಾತು ಅಂದ್ರ ಆ ಕೀಲಿ ನಾ ಬಿಚ್ಚಿಕೊಳ್ಳಾಂವ.”

ಮುರಗೆಪ್ಪನ ಕೈ ತಾನೇ ಉಡದಾರಕ್ಕೆ ಹೋಯಿತು. ಸೊಸೆಯರು ಮಾತಾಡದಿದ್ದರೆ ಕೀಲಿ ಹೋಗುತ್ತದೆ. ಮಾತಾಡಿದರೆ ಊರು ಹೋಗುತ್ತದೆ. ಮನೆ ಆಗಲೇ ಹೋಗಿತ್ತು.

ಆದರೂ ಪ್ರಯತ್ನ ಬಿಡಲಿಲ್ಲ. ಷೆಡ್ಡಿಗೆ ಹೋಗಿ, ಬಿಲ್ಲೆ ನೆಟ್ಟಗೆ ಮಾಡಿಕೊಂಡು, ಮೇಲಿನ ತಗಡು ನೋಡುತ್ತ ಭಾಷಣ ಮಾಡಿದ. “ಇವತ್ತಿನಿಂದ ಕಾಟಾದ ಕೂಡ ಮಾತು ಬಂದ್. ಏನಿದ್ರೂ ನನ್ನ ಮುಂದ ಹೇಳಬೇಕು. ಮನಸ ಬಿಚ್ಚಿ.”

ಬೇದಾಣಾ ಆರಿಸುತ್ತಿದ್ದ ಕೈಗಳೆಲ್ಲ ನಿಂತವು. ಸೆರಗುಗಳು ಇನ್ನೊಂದು ಗೇಣು ಕೆಳಗಿಳಿದವು.

“ಕಾಟಾ,” ಎಂದಳು ಹಾಲವ್ವ, “ಮಾವನೋರಿಗೆ ಬಿಸಲ ಹತ್ತೇತೇನ ಕೇಳು.”

“ಕಾಟಾ, ನನಗೇನೂ ಹತ್ತಿಲ್ಲಂತ ಹೇಳು!” ಎಂದು ಗುಡುಗಿದ ಮುರಗೆಪ್ಪ, ಮರುಕ್ಷಣ ನಾಲಿಗೆ ಕಚ್ಚಿಕೊಂಡ.

ಕಾಟಾಕ್ಕೆ ಗೋಣಿತಟ್ಟು ಹೊದಿಸಿದ. ಹೆಂಗಸರು ಗೋಣಿತಟ್ಟಿನ ಜೊತೆ ಮಾತಾಡಿದರು. ಸಿಟ್ಟು ನೆತ್ತಿಗೇರಿ, “ಮನಸ ಬಿಚ್ಚಲಾರದಾಕಿ ನಾಳಿಂದ ಕೆಲಸಕ್ಕ ಬರೂದ ಬ್ಯಾಡ!” ಎಂದ. ಸಮಾನತೆಯನ್ನು ಇಷ್ಟು ಖಡಕ್ಕಾಗಿ ಜಾರಿಗೆ ತಂದವರು ಪುಣೆಯಲ್ಲೂ ಇರಲಿಕ್ಕಿಲ್ಲ. ಆದರೂ ಯಾರೂ ಬಾಯಿ ಬಿಡಲಿಲ್ಲ. ಹಾಲವ್ವನ ಪಕ್ಕದಲ್ಲಿ ಕೂಡುವ ದಾಕ್ಷಾಯಣಿ ಮಾತ್ರ ಗೋಣಿತಟ್ಟಿಗೆ ಮೆಲ್ಲಗೆ ಏನೋ ಹೇಳಿದಳು. ಅದು ಹೆಂಗಸರ ಕಷ್ಟದ ಮಾತೆಂದು ಗೊತ್ತಾದ ಕೂಡಲೇ ಮುರಗೆಪ್ಪ ರೂಢಿಯಂತೆ ಕೆಮ್ಮಿ ಹೊರಗೆ ಹೋದ.

ಬೇವಿನ ಗಿಡದ ಕೆಳಗೆ ನಿಂತಾಗ ಅವನಿಗೊಂದು ಉಪಾಯ ಹೊಳೆಯಿತು. ಅವನ ಜನ್ಮದಲ್ಲಿ ಹೊಳೆದ ಉಪಾಯ ಅದೊಂದೇ. ಅದೂ ಹೊಳೆಯದಿದ್ದರೆ ಒಳ್ಳೆಯದಿತ್ತು.

ಸೋಮವಾರ ಕಂಪನಿಯ ಕಾರು ಬಂದು ನಿಂತಿತು. ವಿದ್ಯಾವತಿ ಮೇಡಂ, ಅವರ ಹಿಂದೆ ಕ್ಯಾಮೆರಾ ಹಿಡಿದವನು, ಅವನ ಹಿಂದೆ ಹಲ್ಲು ಬಿಟ್ಟ ಸಾವಕಾರರು. ಬಾಗಿಲಲ್ಲಿ ಸೋಮನಿಂಗಪ್ಪ, ಬೀರು ಮತ್ತು ಅರ್ಧ ಊರು. ಅವರೆಲ್ಲರ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಅಕ್ಕವ್ವ. ಒಳಗೆ ನೋಡಿದರೆ ಮುರಗೆಪ್ಪ ಗೋಣಿತಟ್ಟು ತೆಗೆದು, ಕಾಟಾದ ಮೇಲೆ ಹತ್ತಿ, ಅದರ ಕಂಬ ಹಿಡಿದು ನಿಂತಿದ್ದಾನೆ!

ಹೆಂಗಸರು ಕಾಟಾಕ್ಕೆ ಹೇಳಿದರೆ ಊರಿನವರ ಕಣ್ಣಿಗೆ ಅದು ಕಾಟಾಕ್ಕೆ ಹೇಳಿದ್ದು. ಮೇಡಂ ಕಣ್ಣಿಗೆ ಮುರಗೆಪ್ಪನಿಗೆ ಹೇಳಿದ್ದು. ಇದೇ ಆ ಉಪಾಯ.

“ಇದ್ಯಾಕ ತಕ್ಕಡಿ ಮ್ಯಾಲೆ ನಿಂತೀರಿ?” ಮೇಡಂ ಕೇಳಿದರು.

“ಮುಂದಾಳು ಆದಾಂವ ಎಲ್ಲಾರಿಗೂ ಕಾಣೂಹಂಗ ನಿಂದ್ರಬೇಕ್ರಿ ಮೇಡಂ.”

ಮೇಡಂಗೆ ಈ ಮಾತು ಬಹಳ ಹಿಡಿಸಿತು. ಹೆಂಗಸರ ನಡುವೆ ಚಾಪೆಯ ಮೇಲೆ ಕೂತು, “ಏನಿದ್ರೂ ಹೇಳ್ರವಾ. ಇವತ್ತ ಹೇಳಿದ್ದಕ್ಕ ಯಾರ ಕೆಲಸಾನೂ ಹೋಗೂದಿಲ್ಲ, ನಾ ಮಾತ ಕೊಡ್ತೀನಿ,” ಎಂದರು. ಹೆಂಗಸರು ತಲೆ ತಗ್ಗಿಸಿ ಕಡ್ಡಿ ಆರಿಸುತ್ತ ಕೂತರು. ಮುರಗೆಪ್ಪ ಮನೆದೇವರಿಗೆ ಕಾಯಿ ಹರಕೆ ಹೊತ್ತ. ಆಗ ಹಾಲವ್ವ ಎದ್ದು, ಸೆರಗು ಎಳೆದುಕೊಂಡು, ಕಾಟಾದ ಕಡೆಗೆ ತಿರುಗಿದಳು.

“ಏ ಕಾಟಾ, ಕೇಳಿಲ್ಲಿ. ಮುಂಜಾನಿ ಮನಿ ಬಿಟ್ಟಾಗಿಂದ ಸಂಜಿಗೆ ಮನಿ ಮುಟ್ಟೂತನ ನಾವ್ಯಾರೂ ಹನಿ ನೀರ ಕುಡಿಯೂದಿಲ್ಲ. ಯಾಕ ಅಂತ ಕೇಳು. ಕುಡದ್ರ ಹೋಗೂದೆಲ್ಲಿ? ಮೊದಲ ಹಿಂದ ಜಾಲಿ ಕಂಟಿ ಇದ್ದೂ. ಅವನ್ನ ಸಾವಕಾರ್ರು ಕಡಿಸಿ ಬೇದಾಣಾ ಒಣಗಿಸೂ ಜಾಗಾ ಮಾಡಿದ್ರು. ಈಗ ಹೋಗೂದಂದ್ರ ಉಮದಿ ರಸ್ತಾದ ಮ್ಯಾಲೇನ ಕುಂದ್ರಬೇಕು. ಬಸ್ಸಿನಾಗಿನ ಮಂದಿ ಎಲ್ಲಾ ನೋಡ್ಲಿ.”

ದಾಕ್ಷಾಯಣಿ ಕೂತಲ್ಲಿಂದಲೇ ಹೇಳಿದಳು. “ನನಗ ಉರಿಮೂತ್ರ ಆಗಿ ಜತ್ತ ದವಾಖಾನಿಗೆ ಹೋಗಿದ್ದೆ ಕಾಟಾ. ಡಾಕ್ಟರು ನೀರ ಕುಡಿ, ನೀರ ಕುಡಿ ಅಂದ್ರು. ಎಲ್ಲಿ ಕುಂತು ಕುಡೀಲಿ?”

“ಇದನ್ನ ನಾ ಇವತ್ತ ಹೊಸದಾಗಿ ಹೇಳಾಕತ್ತಿಲ್ಲ,” ಎಂದಳು ಹಾಲವ್ವ. “ಹ್ವಾದ ವರ್ಷ ಹೇಳೀನಿ. ಅದರ ಹಿಂದಿನ ವರ್ಷ ಹೇಳೀನಿ. ನಿನ್ನಿ ಮೊನ್ನಿ ದಾಕ್ಷಾಯಣಿ ಹೇಳ್ಯಾಳ. ಹೇಳಿದಾಗೊಮ್ಮೆ ಮಾವನೋರು ಕೆಮ್ಮಿ ಹೊರಗ ಹೋಗ್ಯಾರ. ಈಗ ಕಾಟಾದ ಮ್ಯಾಲೆ ನಿಂತಾರ. ಎಲ್ಲಿ ಹೋಗ್ತಾರ ಹೋಗ್ಲಿ ನೋಡೋಣು.”

ಮುರಗೆಪ್ಪ ಎಲ್ಲಿ ಹೋಗುತ್ತಾನೆ? ಸಾಂಗ್ಲಿಯ ಆ ಬಿಳಿ ಕಲ್ಲಿನ ಕೋಣೆ ಅವನ ಕಣ್ಣ ಮುಂದೆ ಬಂತು. ಒಂದು ಭಾಷಣ ಮುಗಿಯುವ ತನಕ ತನಗೆ ತಡೆಯಲಾಗಿರಲಿಲ್ಲ. ಇವರು ವರ್ಷಗಟ್ಟಲೆ ತಡೆದುಕೊಂಡು ಕೂತಿದ್ದರು, ಅದೂ ತನ್ನ ಕಣ್ಣೆದುರಿಗೇ. ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಹಾಗೆ ಹಿಡಿಸಿದ್ದು ಪಶ್ಚಾತ್ತಾಪ ಮಾತ್ರವಲ್ಲ. ಮೇಡಂ ಬರುತ್ತಾರೆಂಬ ಅಂಜಿಕೆಯಲ್ಲಿ ಮುಂಜಾನೆಯಿಂದ ಅವನು ಚಹಾದ ಮೇಲೆ ಚಹಾ ಕುಡಿದಿದ್ದ. ಕಾಟಾದ ಮುಳ್ಳು ಗಡಗಡ ನಡುಗತೊಡಗಿತು.

ಮೇಡಂ ಎದ್ದು ನಿಂತರು. ಮುಖ ಕೆಂಪಾಗಿತ್ತು. “ಇದಕ್ಕ ಜವಾಬ್ದಾರಿ ಯಾರು?”

ಸಾವಕಾರರು ಮೇಲಿನ ತಗಡಿನಲ್ಲಿ ತೂತು ಎಣಿಸತೊಡಗಿದರು. ಊರಿನವರು ಊರಿನ ಕಡೆ ನೋಡಿದರು. “ಯಾರು ಅಂತ ಕೇಳಿದೆ!” ಎಂದರು ಮೇಡಂ.

ಮುರಗೆಪ್ಪ ಕಾಲಿನ ಮೇಲೆ ಕಾಲು ಹಾಕಿದ. ಕಾಟಾದ ಮೇಲೆ ಅದೂ ಆಗಲಿಲ್ಲ. ಕೈ ಎತ್ತಿದ.

ಎಲ್ಲರೂ ಆ ಕೈ ನೋಡಿದರು. ಆಮೇಲೆ ಮೇಡಂ ಕಣ್ಣು ಒದ್ದೆಯಾದವು. “ತನ್ನ ತಪ್ಪನ್ನ ಹಿಂಗ ಎಲ್ಲಾರ ಮುಂದ ಒಪ್ಪಿಕೊಳ್ಳೂ ಗಂಡಸನ್ನ ನಾ ಇವತ್ತ ಮೊದಲ ಸಲ ನೋಡೀನಿ,” ಎಂದು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಸಾವಕಾರರು. “ಇಂವನರಿ ಮೇಡಂ! ಇಂವನ! ನನಗ ಒಂದ ಮಾತ ಹೇಳಿಲ್ರಿ ಇಂವ!”

“ಅಲ್ರಿ ಮೇಡಂ, ನಾ ಸ್ವಲ್ಪ ಹೊರಗ...”

“ಇರಲಿ, ನೀವು ನಾಚಬ್ಯಾಡ್ರಿ,” ಎಂದರು ಮೇಡಂ, ಫೋಟೋಕ್ಕೆಂದು ಅವನ ಭುಜ ಗಟ್ಟಿಯಾಗಿ ಹಿಡಿದುಕೊಂಡು.

ಮುರಗೆಪ್ಪ ಬೇವಿನ ಗಿಡದ ಆಚೆ ಓಡಿ ಹೋಗಿ, ಹಗುರಾಗಿ, ತಿರುಗಿ ಬರುವುದರೊಳಗೆ ತೀರ್ಮಾನವಾಗಿತ್ತು. ಸಾವಕಾರರು ತಾವೇ ಕೈ ಹಾಕಿ ಅವನ ಉಡದಾರದಿಂದ ಕೀಲಿ ಬಿಚ್ಚಿಕೊಂಡರು. ಇಡೀ ಊರು ನೋಡಿತು. ಮೇಡಂ ಮಾತಿನಂತೆ ಕೀಲಿ ಹಾಲವ್ವನ ಕೈಗೆ ಬಂತು. ಹಾಲವ್ವ ಷೆಡ್ಡಿನ ಮುಖ್ಯಸ್ಥೆ. ಮುರಗೆಪ್ಪನನ್ನು ಹೊರಗೆ ಹಾಕಲಿಲ್ಲ. ಎಲ್ಲರನ್ನೂ ಜೊತೆಗೆ ಕರೆದೊಯ್ಯಬೇಕಲ್ಲ! ಸಾಲಿನ ಕೊನೆಗೆ, ದಾಕ್ಷಾಯಣಿಯ ಆಚೆಗೆ, ಅವನಿಗೂ ಪರಾತವೆಂಬ ಅಗಲ ತಟ್ಟೆಯ ತುಂಬ ಬೇದಾಣಾ ಕೊಟ್ಟು ಕೂಡಿಸಿದರು.

ಹೊರಗೆ ಸೋಮನಿಂಗಪ್ಪ ಅವನ ಬೆನ್ನು ಸವರಿದ. “ನೀ ಮಾಡಿದ ಆಣಿ ಖರೇ ಬಿಡಪಾ. ಒಬ್ಬಾಕಿನೂ ನಿನ್ನ ಕೂಡ ಮಾತಾಡಲಿಲ್ಲ. ಎಲ್ಲಾ ಕಾಟಾದ ಕೂಡನ. ಮರ್ಯಾದಿ ಉಳೀತು ನಿಂದು.”

ಅಕ್ಕವ್ವ ಮನೆಯ ಬಾಗಿಲಲ್ಲಿ ಒಂದೇ ಮಾತು ಕೇಳಿದಳು: “ಇಷ್ಟ ವರ್ಷ ಆ ಹೆಣ್ಣಮಕ್ಕಳು ಹೇಳಿದ್ದು ನಿಮಗ ಖರೇನ ಕೇಳಸ್ತಿತ್ತೇನ್ರಿ?” ಮುರಗೆಪ್ಪ ಕೆಮ್ಮಿದ. ಅಕ್ಕವ್ವ ಒಳಗೆ ಹೋದಳು.

ತಿಂಗಳೊಪ್ಪತ್ತಿನಲ್ಲಿ ಷೆಡ್ಡಿನ ಮಗ್ಗುಲಿಗೆ ಶೌಚಾಲಯ ಎದ್ದಿತು. ನೀಲಿ ಫರಸಿಯ ನೆಲ, ಕನ್ನಡಿ, ಬಾಗಿಲ ಮೇಲೆ ಹೆಣ್ಣುಮಗಳ ಚಿತ್ರ. ಮೇಡಂ ಬಂದು ರಿಬ್ಬನ್ ಕತ್ತರಿಸಿದರು, ಹಾಲವ್ವನ ಫೋಟೋ ಪುಣೆಯ ತನಕ ಹೋಯಿತು, ಮಾಲೂ ಹೋಯಿತು. ಕಾರಿನ ಧೂಳು ಅಡಗಿದ ಮೇಲೆ ಸಾವಕಾರರು ಆ ಬಾಗಿಲಿಗೆ ದೊಡ್ಡದೊಂದು ಬೀಗ ಜಡಿದು ಕೀಲಿಯನ್ನು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು.

“ಕಂಪನೀ ಮಂದಿ ಯಾವಾಗ ಬರ್ತಾರೋ ಏನೋ. ಬಂದಾಗ ಲಕಲಕ ಅನ್ನಬೇಕು. ಮ್ಯಾಲೆ ಟ್ಯಾಂಕರ್ ನೀರು ತರಸೂದು ಸಾಮಾನ್ಯ ಐತೇನು?” ಎಂದರು. ಹಾಲವ್ವ ಕೇಳಿದಳು, ಜಗಳವಾಡಿದಳು, ಮೇಡಂ ನಂಬರಿಗೆ ಫೋನೂ ಮಾಡಿದಳು. ಮೇಡಂಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಹೊಸಬರು, “ನಮ್ಮ ಕಡಿ ಫೋಟೋ ಅದಾವಲ್ಲಾ, ನಿಮ್ಮಲ್ಲಿ ಶೌಚಾಲಯ ಐತಿ,” ಎಂದರು. ತಿನ್ನುವ ಪದಾರ್ಥದ ಜಾಗ, ಸುತ್ತಮುತ್ತ ಯಾರೂ ಹೊಲಸು ಮಾಡುವಂತಿಲ್ಲ ಎಂದು ಕಂಪನಿಯ ಇನ್ನೊಂದು ಕಟ್ಟಪ್ಪಣೆ ಬಂತು. ಸಾವಕಾರರು ಸುತ್ತಲೂ ತಂತಿ ಬಿಗಿಸಿದರು, ಬೇವಿನ ಗಿಡಕ್ಕೆ ಕ್ಯಾಮೆರಾ ಕಟ್ಟಿಸಿದರು.

ಈಗ ಆ ಷೆಡ್ಡಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಯಾರೂ ನೀರು ಕುಡಿಯುವುದಿಲ್ಲ.

ಒಂದು ಮಧ್ಯಾಹ್ನ ಮುರಗೆಪ್ಪನಿಗೆ ಸಕ್ಕರೆ ಏರಿತ್ತೋ ಏನೋ, ತಡೆಯಲಾಗಲಿಲ್ಲ. ಪರಾತ ಸರಿಸಿ ಎದ್ದ. ಯಾವ ಬಾಯಿಯಿಂದ ಕೇಳುವುದು? ಮುಖ ತಿರುಗಿಸಿ, ಟಾವೆಲ್ಲು ತಲೆಯ ಮೇಲೆ ಎಳೆದುಕೊಂಡು, ಕಾಟಾದ ಮುಂದೆ ನಿಂತ.

“ಏ ಕಾಟಾ,” ಎಂದ. “ಆ ಬಾಗಲಾ ಒಂದಿಷ್ಟ ತಗಿಯಾಕ ಆಕ್ಕೈತೇನ ಕೇಳು.”

ಆರಿಸುವ ಕೈಗಳೆಲ್ಲ ನಿಂತವು. ಹಾಲವ್ವ ಎದ್ದು ಬಂದಳು. ಅವಳು ಕೆಮ್ಮಲಿಲ್ಲ, ಹೊರಗೆ ಹೋಗಲಿಲ್ಲ. ಕಾಟಾವನ್ನು ಬಳಸಿಕೊಂಡು ಬಂದು, ಸೆರಗು ಹಿಂದೆ ಸರಿಸಿ, ಅವನ ಮುಖವನ್ನೇ ನೋಡಿದಳು.

“ಮಾವಾ, ಆ ಕೀಲಿ ನನ್ನ ಕಡಿ ಇಲ್ಲರಿ.”

ಸೋನ್ಯಾಳದ ಸೊಸೆಯೊಬ್ಬಳು ಮುರಗೆಪ್ಪನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ಅವಳ ಕಣ್ಣಲ್ಲಿ ನೀರಿತ್ತು. ಚಪ್ಪಾಳೆ ತಟ್ಟಲು ಅಲ್ಲಿ ಮೇಡಂ ಇರಲಿಲ್ಲ, ಫೋಟೋದವನೂ ಇರಲಿಲ್ಲ.

“ಗೊತ್ತೈತಿ ಬಿಡವಾ,” ಎಂದ ಮುರಗೆಪ್ಪ, ಅವಳ ಮುಖ ನೋಡಿಯೇ. ಆಮೇಲೆ ಸಾಲಿನ ಕೊನೆಗೆ ಹೋಗಿ, ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತು, ಕಡ್ಡಿ ಆರಿಸತೊಡಗಿದ.